ಸೀಟಿನ ಮೇಲಿನ ಒಪ್ಪತ್ತು

18-7-77, ಸೋಮವಾರ
ಉಬ್ರಾಣಿ ರಸ್ತೆಯಲ್ಲಿ ಸೈಕಲ್ ಹೊಡೆದು ಬಂದೆ. ಬರಿ ಹೊಟ್ಟೆ. ಶ್ರಾವಣ ಸೋಮವಾರದ ಒಪ್ಪತ್ತು ಇವತ್ತಿನಿಂದ. ದಿನಕ್ಕೆ ಒಂದೇ ಊಟ. ಎಲೆ ಬಿಟ್ಟು ಎದ್ದರೆ ಮುಗಿಯಿತು, ಮತ್ತೆ ಬಾಯಿಗೆ ಏನೂ ಇಲ್ಲ.

ಹರಕೆ ಅವ್ವನದು. ಹೋದ ಆಗಸ್ಟ್ ಹದಿನೈದರ ರೇಸಿನಲ್ಲಿ ಹೊಟ್ಟೆ ಬಿರಿಯುವಂತೆ ಹೋಳಿಗೆ ತಿಂದು ಹೊರಟೆ. ತ್ಯಾವಣಿಗೆ ರಸ್ತೆಯ ಏರಿನಲ್ಲಿ ಸೈಕಲ್ ಇಳಿದೆ. ಸೋತವರನ್ನು ಎತ್ತಿಕೊಳ್ಳಲು ಹಿಂದೆ ಬರುತ್ತಿದ್ದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಕಿಕೊಂಡು ಬಂದರು. ಈ ವರ್ಷ ಮಗ ರೇಸ್ ಮುಗಿಸಲಿ, ಶ್ರಾವಣದ ಸೋಮವಾರವೆಲ್ಲ ಒಪ್ಪತ್ತು ಮಾಡುತ್ತಾನೆ ಅಂತ ಅವ್ವ ಹರಕೆ ಹೊತ್ತಳು. ನನ್ನನ್ನು ಕೇಳಲಿಲ್ಲ.

ಅಂದಿನಿಂದ ನಾನು ಕೆಲಸ ಮಾಡುವ ಪೋಸ್ಟಾಫೀಸಿನಲ್ಲಿ ನಾನು ‘ವಾಪಸ್ ಪಾರ್ಸಲ್’. ಹೆಸರಿಟ್ಟವನು ಪೋಸ್ಟ್‌ಮ್ಯಾನ್ ರೇವಣ್ಣ. ಈಗ ಸ್ಟಾಂಪ್ ಕೊಳ್ಳಲು ಬಂದವರೂ ಹಾಗೇ ಕರೆಯುತ್ತಾರೆ. ಉರಿಯುತ್ತದೆ. ಈ ಸಲ ಸತ್ತರೂ ಟ್ರೇಲರ್ ಹತ್ತುವುದಿಲ್ಲ.

ಕ್ಯಾಲೆಂಡರ್ ನೋಡಿದೆ. ರೇಸಿಗೆ ಮೊದಲೇ ಶ್ರಾವಣ ಮುಗಿಯುತ್ತದೆ. ದೇವರು ದೊಡ್ಡವನು.

22-7
ಡಾಕ್ಟರ ಮನೆಯಿಂದ ಇಂಗ್ಲಿಷ್ ಮ್ಯಾಗಜಿನ್ ತಂದೆ. ಫ್ರಾನ್ಸ್ ಕಡೆ ಸೈಕಲ್ ಹೊಡೆಯುವುದೇ ನೌಕರಿಯಂತೆ! ಬೆಳಿಗ್ಗೆಯೇ ಮಾಂಸ ತಿನ್ನುತ್ತಾರೆ — ಆ ಪುಟ ಬೇಗ ತಿರುಗಿಸಿದೆ. ಆಮೇಲೆ ಮಕರೋನಿ. ಅದು ನಮ್ಮ ಶ್ಯಾವಿಗೆಯ ಅಣ್ಣ ಎಂದರು ಡಾಕ್ಟರು. ಮುಖ್ಯ ಮಾತು: ಹಸಿವಾಗುವ ಮೊದಲೇ ತಿನ್ನಬೇಕು, ಓಡಿಸುತ್ತಲೇ ತಿನ್ನಬೇಕು.

ಮಂಗಳಾಗೆ ಓದಿ ಹೇಳಿದೆ. ನನ್ನ ಹೆಂಡತಿಗೆ ಫ್ರಾನ್ಸ್ ಬೇಕಿಲ್ಲ, ಅವಳದು ಬೇರೆಯೇ ಪ್ರಶ್ನೆ. "ನಾಗರ ಪಂಚಮಿ ಇಲ್ದಿರೋ ಶ್ರಾವಣ ಯಾವುದ್ರೀ?" ದಿನವೂ ತಾರೀಖಿನ ಮೊಹರು ಹೊಡೆಯುವವನಿಗೆ ಕ್ಯಾಲೆಂಡರ್ ಕಲಿಸಬೇಡ ಎಂದೆ.

2-8
ಟೈಲರ್ ಪಾಲಣ್ಣನ ಹತ್ತಿರ ಹೋಗಿದ್ದೆ. ಬನಿಯನ್ನಿನ ಬೆನ್ನಿಗೆ ಜೇಬು ಹೊಲಿ ಎಂದರೆ ನಕ್ಕುಬಿಟ್ಟ. ಬೆನ್ನಿನ ಜೇಬು ಕಳ್ಳರಿಗೆ ಅನುಕೂಲ ಅಂತೆ. ಫ್ರಾನ್ಸಿನಲ್ಲಿ ಚಡ್ಡಿಯ ಒಳಗೆ ಮೆತ್ತನೆಯ ಚರ್ಮ ಹಾಕುತ್ತಾರೆ ಎಂದಾಗ ಕತ್ತರಿ ಕೆಳಗಿಟ್ಟ. ಕೊನೆಗೆ ಅವ್ವನ ಹಳೆ ಕೌದಿಯ ತುಂಡು ಹೊಲಿಸಿದೆ. ಹಾಕಿಕೊಂಡು ನಡೆದರೆ ಬಾತುಕೋಳಿ. ಕೂತರೆ ಮಾತ್ರ... ಆಹಾ!

9-8
ನಿನ್ನೆಗೆ ಒಪ್ಪತ್ತು ಮುಗಿಯಿತು. ಬೆಳಿಗ್ಗೆ ಶ್ಯಾವಿಗೆ, ಜೇಬಿನಲ್ಲಿ ಅವಲಕ್ಕಿ ಉಂಡೆ. ಏರು ಹತ್ತಿಬಿಟ್ಟೆ! ಹಾಡು ಬಂತು.

14-8, ಸಂಜೆ
ಉಬ್ರಾಣಿಯ ಅಣ್ಣನ ಮನೆಯಿಂದ ಅವ್ವ ಬಂದಳು. ಚೀಲ ಇಳಿಸುವ ಮೊದಲೇ — ನಾಳೆ ಮೊದಲನೇ ಶ್ರಾವಣ ಸೋಮವಾರ, ಒಪ್ಪತ್ತು ನೆನಪೈತೇನೋ ಎಂದಳು. ಎಲ್ಲಾ ಮುಗಿಸಿದ್ದೇನೆ ಎಂದೆ.

"ಅದು ಅಧಿಕ ಮಾಸ ಕಣೋ. ನಾಳೆಯಿಂದ ನಿಜ ಶ್ರಾವಣ."

ಕ್ಯಾಲೆಂಡರಿನ ಹತ್ತಿರ ಹೋಗಿ ನೋಡಿದೆ. ‘ಅಧಿಕ’ ಎಂದು ಸಣ್ಣಕ್ಷರದಲ್ಲಿದೆ. ಮಂಗಳ ಬಂದು ಇನ್ನೂ ಬರಬೇಕಾದ ನಾಗರ ಪಂಚಮಿಯ ಮೇಲೆ ಬೆರಳಿಟ್ಟಳು. ಅದೇ ಹೆಚ್ಚು ಚುಚ್ಚಿತು.

ಊಟ ಮಾಡಿ ರೇಸಿಗೆ ಹೋದರೆ ದಾರಿಯಲ್ಲಿ ಉಂಡೆ ಮುಟ್ಟುವಂತಿಲ್ಲ. ಬರಿ ಹೊಟ್ಟೆಯಲ್ಲಿ ಹೋದರೆ ಏರಿನಲ್ಲಿ ಟ್ರೇಲರ್ ಕಾದಿರುತ್ತದೆ. ಹರಕೆ ಮುರಿದರೆ ಅವ್ವನ ಮುಖ ನೋಡಲಾಗುವುದಿಲ್ಲ. ರೇವಣ್ಣ ಆಗಲೇ ನಗುತ್ತಿರುವ ಹಾಗೆ ಕೇಳಿಸುತ್ತದೆ.

15-8, ಬೆಳಿಗ್ಗೆ
ಅವ್ವ ಕೌದಿ ಚಡ್ಡಿ, ಬೆನ್ನಿನ ಜೇಬು ಎಲ್ಲಾ ಮುಟ್ಟಿ ನೋಡಿದಳು. ಯೋಚನೆ ಮಾಡಿ ಹೇಳಿದಳು.

"ಒಪ್ಪತ್ತಂದ್ರೆ ಒಂದ್ಸಲ ಕುಂತು ಉಣ್ಣೋದು. ಎಷ್ಟೊತ್ತು ಕುಂತಿರಬೇಕು ಅಂತ ಯಾರೂ ಹೇಳಿಲ್ಲ. ಸೈಕಲ್ ಮ್ಯಾಲೆ ಕುಂತು ಉಣ್ಣಾಕೆ ಸುರು ಮಾಡು. ಇಳಿದ್ರೆ ಮಾತ್ರ ಎಲೆ ಬಿಟ್ಟಂಗೆ."

ಅಂಗಳದಲ್ಲಿ ಸೀಟಿನ ಮೇಲೆ ಕೂತೆ. ಮಂಗಳ ಶ್ಯಾವಿಗೆ ತಟ್ಟೆ ಹಿಡಿದು ನಿಂತಿದ್ದಾಳೆ, ನಗು ತಡೆಯಲಾಗುತ್ತಿಲ್ಲ ಅವಳಿಗೆ. ಡೈರಿ ಹ್ಯಾಂಡಲ್ ಮೇಲಿದೆ. ಹೊರಟೆ.

15-8, ಸಂಜೆ
ಮುಗಿಸಿದೆ!!

ಏರಿನಲ್ಲಿ ತೊಡೆ ನಡುಗಿತು. ಟ್ರೇಲರ್ ಪಕ್ಕಕ್ಕೇ ಬಂತು. ಡ್ರೈವರ್ ಮರ್ಯಾದೆಯಿಂದ ಹತ್ತಲು ಹೇಳಿದ, ಹಳೇ ಗಿರಾಕಿ ನೋಡಿ. ಕಾಲು ಕೆಳಗಿಡಬೇಕು ಎನ್ನುವಷ್ಟರಲ್ಲಿ ಜೇಬಿನ ಉಂಡೆ ನೆನಪಾಯಿತು. ಇಳಿದರೆ ನಾಳೆವರೆಗೆ ಉಪವಾಸ. ಒಂದು ಉಂಡೆ ಬಾಯಿಗೆ ಹಾಕಿಕೊಂಡೆ, ತುಳಿದೆ. ಪೆಡಲ್ ಮೇಲೆ ಎದ್ದು ತುಳಿಯಲೂ ಭಯ — ಎದ್ದ ಲೆಕ್ಕವಾದರೆ?

ಗೆಲ್ಲಲಿಲ್ಲ, ಕೊನೆಯವರ ಜೊತೆ ಬಂದೆ. ತಾನೂ ರೇಸಿನಲ್ಲಿದ್ದು ಆಗಲೇ ಗುರಿ ಮುಟ್ಟಿದ್ದ ರೇವಣ್ಣ ಓಡಿ ಬಂದು, ಬೇಡ ಬೇಡ ಅಂದರೂ ಸೈಕಲ್ಲಿನಿಂದ ಎಳೆದು ತಬ್ಬಿಕೊಂಡ. ಜೇಬಿನಲ್ಲಿ ಎರಡು ಉಂಡೆ ಉಳಿದಿದ್ದವು! ಸರ್ಟಿಫಿಕೇಟಿಗೆ ಕಾಯಲು ತ್ರಾಣವಿರಲಿಲ್ಲ. ಮನೆಗೆ ಬಂದು ಬಿದ್ದುಕೊಂಡೆ.

ಈಗ ಅದನ್ನು ರೇವಣ್ಣನೇ ತಂದಿದ್ದಾನೆ, ಖಾಕಿ ಹಾಕಿಕೊಂಡು. ಬಾಗಿಲಲ್ಲಿ ನಿಂತು ಪೆನ್ನು ಚಾಚಿದ. "ತಿಪ್ಪೇಶಪ್ಪನೋರೇ, ರಿಜಿಸ್ಟರ್ ಐತೆ. ಸೈನ್ ಹಾಕ್ರಿ. ಪಾರ್ಸಲ್ ಡೆಲಿವರಿ ಆತು."

ಕಣ್ಣು ತುಂಬಿತು. ಸುಳ್ಳೇಕೆ ಬರೆಯಲಿ.

ಮಂಗಳ ಅವನಿಗೆ ಹೋಳಿಗೆ ಬಡಿಸುತ್ತಿದ್ದಾಳೆ. ತುಪ್ಪದ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ಹೊಟ್ಟೆ ಕೂಗುತ್ತಿದೆ. ನನ್ನ ಎಲೆ ಎಂದೋ ಮುಗಿದಿದೆ. ಅವ್ವ ಒಂದು ತಟ್ಟೆ ಹೋಳಿಗೆ ಹಿಡಿದು ಅಂಗಳಕ್ಕೆ ಹೋದಳು. ಸೈಕಲ್ ನೋಡಿದಳು, ನನ್ನನ್ನು ನೋಡಿದಳು, ಸೀಟನ್ನು ಸೆರಗಿನಿಂದ ಒರೆಸಿ —