ವಿಭೂತಿ ಹಚ್ಚಿದ ಕ್ಯಾಸೆಟ್ಟು

ಅರಸೀಕೆರೆ
14-10-2007, ಭಾನುವಾರ

ಪ್ರೀತಿಯ ಅಪ್ಪಾಜಿ,

ನಿಮ್ಮ ಸಿಂಧು ಮಾಡುವ ಶರಣು. ಮೊಣಕಾಲು ಹೇಗಿದೆ? ದಾಸೋಹದಲ್ಲಿ ಈಗಲೂ ನಿಂತೇ ಬಡಿಸುತ್ತೀರಂತೆ, ಹೋದ ವಾರ ಮಠಕ್ಕೆ ಬಂದಿದ್ದ ದೇವೀರಪ್ಪ ಮಾವ ಹೇಳಿದರು. ಹೇಳಿದರೆ ಕೇಳುವವರಲ್ಲ ನೀವು, ಎಣ್ಣೆಯನ್ನಾದರೂ ತಪ್ಪದೆ ಹಚ್ಚಿಕೊಳ್ಳಿ. ಇಲ್ಲಿ ನಾವು ಮೂವರೂ ಆರೋಗ್ಯ. ಮಗುವಿಗೆ ನಾಲ್ಕು ತಿಂಗಳು ತುಂಬಿತು. ಅವಳು ಮಲಗುವುದೇ ಅಪರೂಪ, ಮಲಗಿದರೆ ಉಸಿರಾಡುತ್ತಿದ್ದಾಳಾ ಎಂದು ನೋಡುತ್ತ ನಾನು ಮಲಗುವುದಿಲ್ಲ. "ಬಿ.ಎಸ್ಸಿ. ಓದಿ ಮೂಗಿನ ಹತ್ರ ಬೆರಳಿಟ್ಟು ನೋಡ್ತೀಯಲ್ಲೇ" ಎಂದು ಮಹಾಂತೇಶ್ ನಗುತ್ತಾರೆ. ನಗಲಿ ಬಿಡಿ.

ಅಪ್ಪಾಜಿ, ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ದೇವರ ಗೂಡಿನಲ್ಲಿದ್ದ, ಈ ಮನೆಯ ಗೃಹಪ್ರವೇಶದ ಕ್ಯಾಸೆಟ್ಟನ್ನು ನಿಮ್ಮನ್ನು ಕೇಳದೆ ತೆಗೆದೆ. ಅವ್ವ ತೀರಿಕೊಂಡ ವರ್ಷ ಬೀಗದ ಕೈ ನನ್ನ ಕೈಗಿಟ್ಟು "ಅವಳ ದನಿ ಇಲ್ಲದ ಮನೇಲಿ ಇನ್ನೇನೈತೆ" ಎಂದು ಮಠಕ್ಕೆ ಹೊರಟಿರಲ್ಲ, ಅಂದಿನಿಂದ ನೀವು ಹೊಸ್ತಿಲು ದಾಟಿಲ್ಲ. ಮಗು ನೋಡಲು ಬಂದಾಗಲೂ ಗೇಟಿನ ಹತ್ತಿರವೇ ನಿಂತು, ನೋಡಿ, ಬಸ್ಸು ಹೋಗ್ತದೆ ಎಂದು ತಿರುಗಿಬಿಟ್ಟಿರಿ. ಅವ್ವನ ದನಿ ಇರುವುದು ಪ್ರಪಂಚದಲ್ಲಿ ಆ ಒಂದೇ ಕ್ಯಾಸೆಟ್ಟಿನಲ್ಲಿ. ಅದನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿ ಉಳಿಸೋಣವೆಂದು ಎದುರುಮನೆ ರುದ್ರಮ್ಮನವರ ಹಳೆಯ ವಿ.ಸಿ.ಆರ್. ಬೇಡಿ ತಂದೆ. ಮಹಾಂತೇಶ್ ಹಾಸನದಿಂದ ವಿಡಿಯೋ ಇಳಿಸುವ ಕಾರ್ಡೊಂದನ್ನು ತಂದು ಕಂಪ್ಯೂಟರಿನೊಳಗೆ ಕೂರಿಸಿದರು.

ಮೊದಲು ಪರೀಕ್ಷೆಗೆಂದು ರುದ್ರಮ್ಮನವರ ಮಗಳ ಮದುವೆ ಕ್ಯಾಸೆಟ್ಟು ಹಾಕಿದೆ, ಗಾಜಿನಂತೆ ಬಂತು. ಆಮೇಲೆ ನಮ್ಮದು ಹಾಕಿದರೆ ಬರೀ ಬಿಳಿ ಚುಕ್ಕಿ, ಕರಕರ ಸದ್ದು. ವೈರು ಬದಲಿಸಿದೆ, ಕಾರ್ಡು ಕಿತ್ತು ಮತ್ತೆ ಕೂರಿಸಿದೆವು, ಕಂಪ್ಯೂಟರನ್ನು ಆರು ಸಲ ಆರಿಸಿ ಹಚ್ಚಿದೆ. ಕೊನೆಗೆ ಮದುವೆ ಕ್ಯಾಸೆಟ್ಟನ್ನೇ ಮತ್ತೆ ಹಾಕಿದರೆ ಅದೂ ಚುಕ್ಕಿ! "ಏನ್ ಸಿಂಧು, ನಮ್ ಹುಡುಗಿ ಧಾರೇನೂ ನುಂಗ್ಬಿಟ್ಯಲ್ಲೇ" ಎಂದು ರುದ್ರಮ್ಮನವರು ಎದೆ ಹಿಡಿದುಕೊಂಡರು. ಆದರೆ ಆಗಲೇ ನನಗೆ ಹೊಳೆದದ್ದು: ತಪ್ಪು ವೈರಿನದಲ್ಲ, ಕಂಪ್ಯೂಟರಿನದೂ ಅಲ್ಲ, ನಮ್ಮ ಕ್ಯಾಸೆಟ್ಟಿನಿಂದಲೇ ಏನೋ ಹೋಗಿ ವಿ.ಸಿ.ಆರ್. ಒಳಗೆ ಕೂತಿದೆ.

ಕ್ಯಾಸೆಟ್ಟು, ವಿ.ಸಿ.ಆರ್. ಎರಡನ್ನೂ ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ಸ್ಟುಡಿಯೋಗೆ ಹೋದೆ. ಅಂದು ವಿಡಿಯೋ ತೆಗೆದ ಇಂದುಧರ ಅವರೇ ಇದ್ದರು, ತಲೆ ಪೂರ್ತಿ ಬೆಳ್ಳಗಾಗಿದೆ. ಕ್ಯಾಸೆಟ್ಟಿನ ತಿರುಪು ಬಿಚ್ಚಿ ಮಗುಚಿದರೆ ಮೇಜಿನ ಮೇಲೆ ಬೂದಿ ಸುರಿಯಿತು. "ಏನ್ ತಾಯಿ, ಇದು ಕ್ಯಾಸೆಟ್ಟೋ, ಗದ್ದುಗೆಯೋ?" ಎಂದರು. ಅಪ್ಪಾಜಿ, ವರ್ಷವರ್ಷವೂ ಆಯುಧಪೂಜೆಗೆ ಮಚ್ಚು, ಗುದ್ದಲಿ, ಸ್ಕೂಟರಿನ ಜೊತೆ ಅದನ್ನೂ ಇಟ್ಟು, ಅದರ ಬಾಯಿ ತೆರೆದು ರೀಲಿಗೂ ಮೂರು ಬೆರಳು ಎಳೆಯುತ್ತಿದ್ದಿರಲ್ಲ, ಆ ವಿಭೂತಿ! ರೀಲಿನಿಂದ ಉದುರಿ ವಿ.ಸಿ.ಆರ್.ನೊಳಗೆ ರೀಲನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡಿತ್ತು. ನೊಂದುಕೊಳ್ಳಬೇಡಿ, ಮುಂದೆ ಓದಿ. ಟ್ರಂಕಿನಲ್ಲಿ ಜೋಪಾನವಾಗಿದ್ದ ನನ್ನ ಕಾಲೇಜು ನಾಟಕದ ಕ್ಯಾಸೆಟ್ಟನ್ನೂ ಒಯ್ದಿದ್ದೆ. ಅದು ಬೂಷ್ಟು ಹಿಡಿದು ಅಂಟಿ ಹಪ್ಪಳದ ಕಟ್ಟಿನಂತಾಗಿತ್ತು. ನಿಮ್ಮದು ಮಾತ್ರ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. "ವರ್ಷಕ್ಕೊಂದ್ಸಲ ಗಾಳಿಗಿಟ್ಟು ಬೆರಳಲ್ಲಿ ತಿರುಗಿಸಿದ್ದಕ್ಕೇ ಉಳಿದೈತೆ. ಕೆಡಿಸಿದ್ದೂ ನಿಮ್ಮಪ್ಪಾಜಿ ಗಂಗಾಧರಪ್ಪೋರೇ, ಕಾಯ್ದಿದ್ದೂ ಅವರೇ" ಎಂದು ಇಂದುಧರ ತಲೆಯಾಡಿಸಿದರು. ರೀಲನ್ನು ಒರೆಸಿ ಬೇರೆ ಡಬ್ಬಿಗೆ ಹಾಕಿಕೊಟ್ಟು, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಹೇಗೆ ಒರೆಸಬೇಕೆಂದು ನನ್ನ ಕೈ ಹಿಡಿದು ಕಲಿಸಿದರು. ರುದ್ರಮ್ಮನವರ ಧಾರೆಯೂ ವಾಪಸ್ಸು ಬಂತು.

ಮನೆಗೆ ಬಂದು ಹಾಕಿದೆ. ಚುಕ್ಕಿಗಳ ನಡುವೆ ಒಂದು ಗೆರೆ, ಗೆರೆಯೊಳಗೆ ಹಸಿರು, ಆಮೇಲೆ ಅದು ಮಾವಿನ ತೋರಣ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಬೂದಿ ಒರೆಸುತ್ತ, ತುಂಡು ತುಂಡಾಗಿ ಇಳಿಸುತ್ತ ಹೋದೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಅವ್ವ ಇರುವುದು ಒಂದೇ ಒಂದು ನಿಮಿಷ! ಉಳಿದಂತೆಲ್ಲ ಕ್ಯಾಮೆರಾ ಕಂಡರೆ ಸೆರಗು ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಾಳೆ. ಆ ಒಂದು ನಿಮಿಷದಲ್ಲಿ ಬಾಯಿ ಆಡುತ್ತಿದೆ, ಮಾತೇ ಕೇಳಿಸದು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ವಿಭೂತಿ ದನಿಯನ್ನು ಮಾತ್ರ ಅಳಿಸಿಬಿಟ್ಟಿತೇ ಎಂದು ಹೆದರಿದೆ. ನೋಡಿದರೆ ನಾನೇ ಪೆದ್ದಿ. ಸ್ಟುಡಿಯೋದಿಂದ ಬಂದು ಮತ್ತೆ ಜೋಡಿಸುವಾಗ ಸದ್ದಿನ ವೈರನ್ನು ಕಂಪ್ಯೂಟರಿನ ನೀಲಿ ತೂತಿಗೆ ಹಾಕುವ ಬದಲು ಗುಲಾಬಿಯದಕ್ಕೆ ತುರುಕಿದ್ದೆ.

ಇವತ್ತು ಬೆಳಿಗ್ಗೆ ಬದಲಿಸಿದೆ. ಮಗು ತೊಡೆಯ ಮೇಲಿತ್ತು. ಅವ್ವನ ದನಿ ಈ ನಡುಮನೆಯಲ್ಲೇ ಎದ್ದು ನಿಂತಿತು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಂದು ಪಟ್ಟಿಯಲ್ಲಿ, ಬೂದಿಯ ಕೆಳಗೆ, ಹನ್ನೊಂದು ವರ್ಷ ಒಂದು ಉಸಿರೂ ಸವೆಯದೆ ಕೂತಿತ್ತಲ್ಲ! ಮಾತಿನ ಕೊನೆಯ ಆ ಸಣ್ಣ ಕೆಮ್ಮೂ ಇದೆ. ಮಗು ಕಣ್ಣರಳಿಸಿ ಬಾಗಿಲ ಕಡೆ ತಿರುಗಿತು. ನಾನೂ ತಿರುಗಿದೆ, ಓದಿದವಳು.

ಶನಿವಾರ ಆಯುಧಪೂಜೆ. ಈ ಸಲ ಕಂಪ್ಯೂಟರಿಗೆ ಹೂವು ಮಾತ್ರ. ಸ್ವಾಮಿಗಳಿಗೆ ನನ್ನ ಶರಣು ತಿಳಿಸಿ. ಮಹಾಂತೇಶ್ ನಮಸ್ಕಾರ ಹೇಳಿದ್ದಾರೆ. ಮಗು ಎದ್ದಳು, ಮುಗಿಸುತ್ತೇನೆ.

ನಿಮ್ಮ ಮಗಳು,
ಸಿಂಧು

ಮರೆತೆ ಅಪ್ಪಾಜಿ: ದನಿ ಬಂತು ಎಂದೆನೇ ಹೊರತು ಅವ್ವ ಏನಂದಳು ಎಂದು ಬರೆಯಲೇ ಇಲ್ಲ. ವಿಡಿಯೋದಲ್ಲಿ ನೀವು ಗೇಟಿನ ಹತ್ತಿರ ಚಪ್ಪರದವನ ಜೊತೆ ಜಗಳಕ್ಕೆ ನಿಂತಿದ್ದೀರಿ, ನಿಮಗೆ ಕೇಳಿಸಿಲ್ಲ. ಅವ್ವ ಹೊಸ್ತಿಲ ಮೇಲೆ ನಿಂತು ಕೂಗುತ್ತಿದ್ದಾಳೆ: "ಎಷ್ಟೊತ್ತೂಂತ ಹೊರಗೇ ನಿಂತಿರ್ತೀರಿ? ಒಳಕ್ಕೆ ಬನ್ರೀ."