ಬಂಡೆಯ ಮೇಲಿನ ಮಣ್ಣು

ಬಾಂಡಿಯಾಗರಾ ಗುಡ್ಡ, ಮಾಲಿ
೧೪ ಸೆಪ್ಟೆಂಬರ್ ೧೯೯೬

ಪ್ರೀತಿಯ ಅಕ್ಕಾ,

ಮೈ ಹೇಗಿದೆ, ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ? ಎಲ್ಲದಕ್ಕೂ ನೀನು ‘ಸೇವೊ, ಚೆನ್ನಾಗಿದೆ’ ಅಂದೆ ಎಂದುಕೊಂಡು ಮುಂದುವರಿಯುತ್ತೇನೆ. ಭಾವ ತೀರಿಕೊಂಡ ಮೇಲೆ ನಿನಗೆ ಸರಿಯಾಗಿ ಊಟ ಸೇರುತ್ತಿಲ್ಲವೆಂದು ಕೇಳಿ ನನ್ನ ಹೆಂಡತಿ, ನಿನ್ನ ನಾದಿನಿ ಯಾಸಿಗೆ, ಅತ್ತಳು. ನೀನಿರುವ ಕುಟಿಯಾಲಾ ಊರಿನ ನೆಲವೆಲ್ಲ ಸಪಾಟು, ಎಲ್ಲಿ ಗುದ್ದಲಿ ಹಾಕಿದರೂ ಮಣ್ಣು. ಅಂಥ ಕಡೆ ಇರುವವಳಿಗೆ ಇದನ್ನು ಹೇಗೆ ಬರೆಯಲಿ?

ಹಿಂದಿನ ಎರಡು ಕಾಗದಗಳಲ್ಲಿ ಈರುಳ್ಳಿ ಮಡಿ ಚೆನ್ನಾಗಿದೆ ಎಂದಿದ್ದೆನಲ್ಲ, ಅದು ಸುಳ್ಳು. ಮಡಿ ಇಲ್ಲ ಅಕ್ಕಾ. ಅವ್ವ ಸತ್ತ ವರ್ಷ ನಾವಿಬ್ಬರೂ ಬೋಳು ಬಂಡೆಯ ಮೇಲೆ ಕಲ್ಲಿನ ಒಡ್ಡು ಕಟ್ಟಿ, ಕಮರಿಯಿಂದ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಮಾಡಿದ ಮಡಿ. ಮೂರು ಬೇಸಿಗೆ ಹಿಡಿಯಿತು. ನಾನು ದಾರಿಯಲ್ಲಿ ಚೆಲ್ಲಿದ್ದನ್ನು ನೀನು ಅಂಗೈಯಲ್ಲಿ ಬಳಿದು ಬುಟ್ಟಿಗೆ ಹಾಕುತ್ತ, "ಲೋ ಅಪೊಮಿ, ಧೂಳು ಅಂದ್ಕೊಂಡ್ಯಾ? ನಾಳೆ ನೀನು ಕುಡಿಯೋ ಗಂಜಿ ಕಣೋ ಅದು!" ಎಂದು ರೇಗುತ್ತಿದ್ದೆ.

ಏಪ್ರಿಲ್‌ನಲ್ಲಿ ಕಣಜದ ಪಕ್ಕ ಒಂದು ಕೋಣೆ ಕಟ್ಟುವ ಹುಚ್ಚು ಹತ್ತಿತು. ಕಲ್ಲಿಗಾಗಿ ದೂರ ಹೋಗಲು ಸೋಮಾರಿತನ. ಒಡ್ಡಿನ ಕೆಳಬದಿಯಿಂದ ಒಂದೊಂದಾಗಿ ಎತ್ತಿಕೊಂಡೆ. "ಅಕ್ಕ ಇಟ್ಟ ಕಲ್ಲು, ಮುಟ್ಟಬೇಡಿ" ಅಂದಳು ನನ್ನ ಹೆಂಡತಿ. "ಮಳೆಗೆ ಮುಂಚೆ ಬೇರೆ ಇಡ್ತೀನಿ ಬಿಡೇ" ಅಂದೆ. ಇಡಲಿಲ್ಲ. ಜೂನ್ ಕೊನೆಗೆ ದೊಡ್ಡ ಮಳೆ ಬಂತು. ಬಂಡೆ ನೀರು ಕುಡಿಯುವುದಿಲ್ಲವಲ್ಲ, ಗುಡ್ಡದ ತಲೆಯ ನೀರೆಲ್ಲ ನಾನು ಕಲ್ಲು ಕಿತ್ತ ಕಂಡಿಯಲ್ಲೇ ನುಗ್ಗಿತು. ಓಡಿಹೋಗಿ ಕಂಡಿಗೆ ಅಡ್ಡ ಕೂತೆ. ಮಣ್ಣು ನನ್ನ ಎರಡೂ ಪಕ್ಕೆಗಳಿಂದ ಜಾರಿ, ಬಂಡೆಯ ಅಂಚು ದಾಟಿ, ಕೆಂಪಗೆ ಕೆಳಗಿನ ಬಯಲಿಗೆ ಬಿತ್ತು. ಮಳೆ ನಿಂತಾಗ ಬಂಡೆ ತೊಳೆದ ತಟ್ಟೆಯ ಹಾಗಿತ್ತು. ಸಂತೆಯಲ್ಲಿ ಬಯಲಿನವರು, "ಏನಪ್ಪಾ, ನಮಗೆ ಮಣ್ಣು ಕಳಿಸಿದ್ದೀಯಂತೆ, ಈರುಳ್ಳಿನೂ ನೆಟ್ಟೇ ಕಳಿಸಬಾರದಿತ್ತಾ?" ಎಂದು ನಕ್ಕರು. ನಾನೂ ನಕ್ಕೆ.

ಒಡ್ಡು ಮತ್ತೆ ಕಟ್ಟಿದ್ದೇನೆ. ದಿನವೂ ಹೊರುತ್ತಿದ್ದೇನೆ, ಇದುವರೆಗೆ ಒಂದು ಚಾಪೆಯಗಲ ಮಣ್ಣಾಗಿದೆ. ಈಗ ಗೊತ್ತಾಗುತ್ತಿದೆ, ಆಗ ನೀನು ನನ್ನ ಬುಟ್ಟಿಯನ್ನು ಅರ್ಧವೇ ತುಂಬುತ್ತಿದ್ದೆ. ಉಳಿದರ್ಧ ನಿನ್ನ ತಲೆಯ ಮೇಲಿತ್ತು.

ಯಾಸಿಗೆಯೂ ನಿನಗೆ ನಮಸ್ಕಾರ ಹೇಳಿದ್ದಾಳೆ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಮ್ಮ,
ಅಪೊಮಿ

ಮರೆತೆ: ‘ಚಳಿಗೆ ಮುಂಚೆ ಊರಿಗೇ ಬಂದುಬಿಡುತ್ತೇನೆ, ಮಡಿ ನೋಡಿಕೊಂಡು ಇರುತ್ತೇನೆ’ ಎಂದು ನೀನು ಬರೆದಿದ್ದೆಯಲ್ಲ, ಬರಬೇಡ ಅನ್ನಲೆಂದೇ ಈ ಕಾಗದ ಹಿಡಿದದ್ದು. ಬರೆಯಲು ಕೈ ಬರಲಿಲ್ಲ. ಬಾ ಅಕ್ಕಾ. ಬಸ್ಸು ನಿಲ್ಲುವಲ್ಲೇ ಕಾದಿರುತ್ತೇನೆ. ಬೈಯುವುದನ್ನೆಲ್ಲ ಅಲ್ಲೇ ಬೈದು ಮುಗಿಸು. ಗುಡ್ಡ ಹತ್ತುವಾಗ ನಿನಗೆ ಉಸಿರು ಬೇಕಾಗುತ್ತದೆ.