ಎಳೆದರೆ ಉದ್ದ, ಬಿಟ್ಟರೆ ಗಿಡ್ಡ

ಹೊಲಿಗೆ ಅಂಗಡಿ,
ಮಾರ್ಚ್ ೧೨, ಮಧ್ಯಾಹ್ನ

ಮುದ್ದಿನ ಪುಟ್ಟೀ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ಹೊಸ ಮನೆಯ ಅಡುಗೆಮನೆಗೆ ಬಿಸಿಲೇ ಬೀಳುವುದಿಲ್ಲ ಅಂದಿದ್ದೆ ನೀನು. ತಣ್ಣೀರಲ್ಲಿ ಪಾತ್ರೆ ತೊಳೆಯಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಮಷೀನಿನ ಮುಂದೆ ಕೂತರೆ ತೆಪ್ಪಗಿರುತ್ತದೆ. ಕುಶಲ ಇಲ್ಲಿಗೆ ಮುಗಿಯಿತು. ಇನ್ನು ಜಗಳ.

ಮದುವೆ ಗೊತ್ತಾದ ಹೊಸತರಲ್ಲಿ ನೀನು ಬಟ್ಟೆ ಕತ್ತರಿಸುವ ಈ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಹೇಳಿದ್ದು ನೆನಪಿದೆಯೇ? “ಅಜ್ಜಿ, ಅವರ ಕಡೆಯವರಿಗೆ ನಮ್ಮ ಮಾತು ಒಂದಕ್ಷರ ಬರಲ್ಲ. ಊಟದ ಹೊತ್ತಲ್ಲಿ ನೀನೇ ಇಂಗ್ಲಿಷಲ್ಲಿ ನಾಲ್ಕು ಮಾತಾಡಿ ನಮ್ಮನ್ನ ಹರಸ್ಬೇಕು.” ಬೇಡವೇ ಬೇಡ ಅಂದೆ. ನೀನು ಬಿಟ್ಟೆಯಾ? ಮಾತುಗಳನ್ನು ನೀನೇ ಇಂಗ್ಲಿಷ್ ಅಕ್ಷರದಲ್ಲೇ ಬರೆದು ತಂದೆ. ನಮ್ಮ ಬರವಣಿಗೆಯಲ್ಲಿ ದೀರ್ಘ ಇದ್ದರೆ ಅದರ ಗುರುತು ಕಣ್ಣಿಗೆ ಕಾಣುತ್ತದೆ. ಇಂಗ್ಲಿಷಿನದು ಟೇಪು ಕಳೆದುಕೊಂಡ ದರ್ಜಿಯ ಅಳತೆ. ‘ಗುಡ್’ ಬರೆಯಲೂ ನಡುವೆ ಎರಡು ಸೊನ್ನೆ, ‘ಫೂಡ್’ ಬರೆಯಲೂ ಅದೇ ಎರಡು ಸೊನ್ನೆ. ಒಂದು ಗಿಡ್ಡ, ಇನ್ನೊಂದು ಉದ್ದ. ನಾನು ‘ಗೂಡ್’ ಅಂದೆ, ನೀನು ಬಿದ್ದು ಬಿದ್ದು ನಕ್ಕೆ. ನಾನೂ ನಕ್ಕೆ. ಆಮೇಲೆ ನೀನೇ ಲಂಗಕ್ಕೆ ಹಾಕುವ ಎಲಾಸ್ಟಿಕ್ ಒಂದು ತುಂಡು ಕತ್ತರಿಸಿ ನನ್ನ ಕೈಗಿಟ್ಟೆ: ಉದ್ದದ ಮಾತಿಗೆ ಎಳಿ, ಗಿಡ್ಡದ ಮಾತಿಗೆ ಬಿಡು. ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಕಾಜ ಹೊಲಿಯುವಾಗ, ಹಾಲು ಕಾಯಿಸುವಾಗ, ಗಿರಾಕಿಯ ಸೊಂಟ ಅಳೆಯುವಾಗಲೂ ಅದೇ ಪಾಠ. ಒಬ್ಬಾಕೆಯಂತೂ, “ಏನಮ್ಮಾ, ನನ್ನ ಸೊಂಟಕ್ಕೆ ಮಂತ್ರ ಹಾಕ್ತಿದೀರಾ?” ಅಂತ ಕೇಳಿಯೇಬಿಟ್ಟಳು. ಕೊನೆಗೊಂದು ದಿನ ಒಂದೂ ತಪ್ಪದೆ ಒಪ್ಪಿಸಿದಾಗ ನೀನು ನನ್ನ ಕೆನ್ನೆಗೆ ಮುತ್ತು ಕೊಟ್ಟೆ.

ಮದುವೆಯ ದಿನ ಆ ಎಲಾಸ್ಟಿಕ್ ನನ್ನ ಮುಷ್ಟಿಯಲ್ಲೇ ಇತ್ತು. ಊಟಕ್ಕೆ ಕೂರುವ ಹೊತ್ತಿಗೆ ನೀನು ಓಡಿಬಂದು, “ಅಜ್ಜಿ, ಮೈಕ್ ಕೆಟ್ಟೋಗಿದೆ, ಯಾರೂ ಮಾತಾಡ್ತಿಲ್ಲ. ಸಂಜೆಗೆ ನಾನು ಹಾಕ್ಕೋಬೇಕಾದ ಅಂಗಿ ಹೊಲಿಗೆ ಬಿಟ್ಟಿದೆ, ಮೇಲೆ ಹೋಗಿ ಹಾಕ್ಕೊಡ್ತೀಯಾ?” ಅಂದೆ. ನಾನು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಆ ಅಂಗಿಯ ಪಕ್ಕೆಗೆ ನಾನೇ ಜೋಡಿ ಹೊಲಿಗೆ ಹಾಕಿದ್ದೆ, ಬಿಡುವ ಮಾತೇ ಇರಲಿಲ್ಲ. ತಾನಾಗಿ ಬಿಟ್ಟ ಹೊಲಿಗೆಯಲ್ಲಿ ದಾರದ ತುದಿ ಎಳೆ ಎಳೆಯಾಗಿರುತ್ತದೆ. ಇದರ ತುದಿ ನುಣ್ಣಗಿತ್ತು, ಕತ್ತರಿ ಆಡಿತ್ತು. ಯಾವುದೋ ಮಗುವಿನ ಕೈಗೆ ಕತ್ತರಿ ಸಿಕ್ಕಿರಬೇಕು ಅಂದುಕೊಂಡು ಕೂತು ಹೊಲಿದೆ. ನಿನ್ನ ಮೇಲೆ ಅನುಮಾನ ಬರಲಿಲ್ಲ ಪುಟ್ಟೀ. ಯಾಕೆ ಬರಬೇಕು?

ಮೊನ್ನೆ ಫೋಟೋ ಸ್ಟುಡಿಯೋದವನು ಮದುವೆಯ ವಿಡಿಯೊ ತಂದು ಹಾಕಿ ತೋರಿಸಿದ. ಮೈಕ್ ಗಂಟೆ ಹೊಡೆದ ಹಾಗೆ ಮಾತಾಡುತ್ತಿತ್ತು. ಅದನ್ನು ಹಿಡಿದು ನಿಂತವಳು ನಿನ್ನ ಚಿಕ್ಕಮ್ಮ, ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು. ಅಮ್ಮನಿಗೆ ಹುಷಾರಿಲ್ಲ, ಅವಳ ಪರವಾಗಿ ನಾನು ಓದುತ್ತೇನೆ ಅಂದಳು. ಅಷ್ಟು ಇಂಗ್ಲಿಷ್ ಈಗ ನನಗೆ ತಿಳಿಯುತ್ತದೆ, ಕಲಿಸಿದವಳು ನೀನೇ. ಆಮೇಲೆ ನನ್ನ ಮಾತುಗಳನ್ನೆಲ್ಲ ಓದಿದಳು. ನೀನು ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಿದೆ. ಆ ಹೊತ್ತಿಗೆ ನಾನು ಮೇಲಿನ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದೆ.

ಫೋನಿನಲ್ಲಿ ಕೇಳಿದರೆ, “ಅವರು ನಗ್ತಾರೆ ಅಂತ ಭಯ ಆಯ್ತು ಅಜ್ಜಿ, ನಿನ್ನ ಒಳ್ಳೇದಕ್ಕೇ” ಅಂದೆ. ಅವರು ನಕ್ಕಿದ್ದರೆ ನಾನೂ ಜೊತೆಗೆ ನಗುತ್ತಿದ್ದೆ. ನಾಚಿಕೆ ಆಗಿದ್ದು ನಿನಗೆ, ನನಗಲ್ಲ. ಬೇಡ ಅಂತ ಮುಖಕ್ಕೆ ಹೇಳಿದ್ದರೆ ಒಂದು ಗಳಿಗೆ ಮುನಿದು, ಊಟ ಮಾಡಿ, ನಿಮ್ಮಿಬ್ಬರ ತಲೆ ಸವರಿ ಬರುತ್ತಿದ್ದೆ. ನೀನು ನಂಬಿಸಿ ಕುತ್ತಿಗೆ ಕೊಯ್ದೆ. ಅದೂ ನಾನು ಹಾಕಿದ ಹೊಲಿಗೆ ಬಿಚ್ಚಿ. ನನಗೆ ತುಂಬಾ ನೋವಾಗಿದೆ, ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕಮ್ಮನಿಗೆ ಬೇರೆ ಕಾಗದ ಬರೆಯುತ್ತೇನೆ, ಅದು ಇಷ್ಟು ಮೆತ್ತಗಿರುವುದಿಲ್ಲ. ಸಿಟ್ಟು ಬಂತೆಂದು ಕೊಟ್ಟ ಆಶೀರ್ವಾದವನ್ನು ವಾಪಸ್ ತೆಗೆದುಕೊಳ್ಳುವವಳಲ್ಲ ನಾನು. ಇಬ್ಬರೂ ತಣ್ಣಗಿರಿ.

ಆ ದಿನ ಹುಷಾರಾಗಿಯೇ ಇದ್ದ,
ನಿನ್ನ ಅಜ್ಜಿ

ಮರೆತಿದ್ದೆ: ನಿನ್ನೆ ನಿನ್ನ ಗಂಡ ಫೋನ್ ಮಾಡಿದ್ದ, ನಿನಗೆ ಹೇಳದೆ. ಕದ್ದು ನಮ್ಮ ಮಾತು ಕಲಿಯುತ್ತಿದ್ದಾನಂತೆ. ‘ಊಟ ಆಯಿತಾ ಅಜ್ಜಿ’ ಅನ್ನಲು, ಎಳೆಯುವಲ್ಲಿ ಬಿಟ್ಟು, ಬಿಡುವಲ್ಲಿ ಎಳೆದು, ಪಾಪ, ಬೆವತುಹೋದ. ನಿನ್ನ ಮುಂದೆ ಬಾಯಿ ಬಿಡಲು ಹೆದರಿಕೆಯಂತೆ, ನೀನು ನಗುತ್ತೀಯಂತೆ. ನಾನು ನಗಲಿಲ್ಲ. ಭಾನುವಾರದಿಂದ ಅವನಿಗೆ ಪಾಠ ಶುರು. ಲಕೋಟೆಯಲ್ಲಿರುವ ಎಲಾಸ್ಟಿಕ್ ಅವನದು, ಅವನ ಕೈಗೇ ಕೊಡು. ಅವನು ನಮ್ಮವರೆಲ್ಲರ ಮುಂದೆ ಎದ್ದು ನಿಂತು ಮಾತಾಡುವ ದಿನ ಮೈಕ್ ಕೆಟ್ಟಿದೆ ಅನ್ನಬೇಡ.